ಇಸ್ತ್ರಿ ಅಂಗಡಿಯ ನೀತಿವಂತ

ನಮ್ಮ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದವರನ್ನು ಜನ ಎದುರಿಗೆ ‘ಗರಿಗರಿಯವರೇ’ ಎನ್ನುತ್ತಿದ್ದರು, ಹಿಂದಿನಿಂದ ಬರೀ ‘ಗರಿಗರಿ’. ಅವರು ಗಂಜಿ ಹಾಕಿ ತೀಡಿದ ಅಂಗಿಯನ್ನು ಗೋಡೆಗೆ ಒರಗಿಸಿದರೆ ಒಳಗೆ ಮನುಷ್ಯನಿಲ್ಲದೆಯೇ ನಿಲ್ಲುತ್ತಿತ್ತು. ಅವರ ಮಾತೂ ಅದೇ ಜಾತಿಯದು, ಬಾಗುವ ಅಭ್ಯಾಸ ಇರಲಿಲ್ಲ.

ಕೆಳಗೆ ಅಂಗಡಿ, ಮೇಲೆ ಮನೆ. ಹಿಂದುಗಡೆ ಒಗೆಯುವ ತೊಟ್ಟಿ. ಮುಂದೆ ಉದ್ದನೆಯ ಮೇಜು, ಅದರ ಮೇಲೆ ಮಡಿಸಿ ಹಾಸಿದ ಕಂಬಳಿ, ಕಂಬಳಿಯ ಮೇಲೆ ಬಿಳಿ ಬಟ್ಟೆ. ತಲೆಯ ಮೇಲಿನ ಕೊಳವೆಯುದ್ದಕ್ಕೂ ಗಿರಾಕಿಗಳ ಕೋಟುಗಳು ಸಾಲಾಗಿ ತೂಗುತ್ತಿದ್ದವು. ಆ ಕೋಟುಗಳಲ್ಲಿ ಒಂದನ್ನೂ ಅವರು ಒಂದು ಗಳಿಗೆಯಾದರೂ ಮೈಮೇಲೆ ಹಾಕಿಕೊಂಡವರಲ್ಲ. ಈ ಕಸುಬಿನಲ್ಲಿ ಅದೇನು ಸಣ್ಣ ಮಾತಲ್ಲ. ಗಿರಾಕಿಯ ಅಂಗಿ ತೊಟ್ಟು ಗಿರಾಕಿಯ ಮನೆಯ ಊಟಕ್ಕೇ ಹೋಗಿ, ‘ಎಲ್ಲೋ ನೋಡಿದ ಹಾಗಿದೆಯಲ್ಲ’ ಎನ್ನಿಸಿಕೊಂಡು ಬಂದ ಅಂಗಡಿಯವರೂ ಇದ್ದಾರೆ. ಗರಿಗರಿಯವರು ಮಾತ್ರ ಪರರ ನೂಲು ಮೈಗೆ ಸೋಕಿಸದವರು. ಇದನ್ನು ಅವರು ಬಲ್ಲರು, ಅವರ ಗಿರಾಕಿಗಳೂ ಬಲ್ಲರು. ಯಾರಾದರೂ ಮರೆತಿದ್ದರೆ ಅವರೇ ನೆನಪಿಸುತ್ತಿದ್ದರು.

ಚರ್ಚಿನಲ್ಲಿ ಗಾಯಕರ ನಿಲುವಂಗಿಗಳೆಲ್ಲ ಅವರ ಉಸ್ತುವಾರಿ. ಅವರ ಧರ್ಮಶಾಸ್ತ್ರವೂ ತೊಟ್ಟಿಯ ಪಕ್ಕದಲ್ಲೇ ಹುಟ್ಟಿದ್ದು. “ದೇವರು ಕರುಣಾಳು, ಇಲ್ಲ ಅನ್ನಲ್ಲ. ಹಾಗಂತ ಕೊಳೆ ಬಟ್ಟೆ ತಂದು ಅವನ ಮುಂದೆ ಸುರಿಯೋದಾ? ನಮ್ಮ ಕೈಲಾದಷ್ಟು ಉಜ್ಜಿಕೊಂಡು ಹೋಗ್ಬೇಕು,” ಎನ್ನುತ್ತಿದ್ದರು. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂಬ ಬೈಬಲಿನ ಅಪೊಸ್ತಲನ ಮಾತನ್ನು, ಆತ ಇವರನ್ನು ಕೇಳಿಯೇ ಬರೆದನೇನೋ ಎಂಬ ಧಾಟಿಯಲ್ಲಿ ಹೇಳುತ್ತಿದ್ದರು.

ಆ ಮಾತು ಹೆಚ್ಚಾಗಿ ಬೀಳುತ್ತಿದ್ದುದು ಅವರ ಹೆಂಡತಿಯ ತಮ್ಮನ ಮೇಲೆ. ಈ ಭಾಮೈದ ಗಡಿಯಾರ ರಿಪೇರಿ ಮಾಡುವವನು. ಊರಿನ ಗಡಿಯಾರಗಳನ್ನೆಲ್ಲ ಸರಿಯಾಗಿ ಓಡಿಸಿ ತಾನು ಮಾತ್ರ ಎಲ್ಲ ಕಡೆಗೂ ತಡವಾಗಿ ಬರುವವನು. ನಂಬಿದವನಿಗೆ ದೇವರ ಕೃಪೆ ಸಾಕು ಎಂಬುದು ಅವನ ಪಕ್ಷ.

“ಕೃಪೆ ಅಂದ್ರೆ ಸೋಮಾರಿಗಳಿಗೆ ಕೊಟ್ಟಿರೋ ರಜೆ ಅಂದ್ಕೊಂಡಿದೀಯೇನೋ?” ಎಂದು ಗರಿಗರಿ.

“ಭಾವ, ನೀವು ಸ್ವರ್ಗಕ್ಕೆ ಹೋದ್ರೂ ದೇವದೂತರ ರೆಕ್ಕೇಲಿ ಸುಕ್ಕು ಹುಡುಕ್ತೀರಿ,” ಎಂದು ಅವನು.

ಮಾತು ಮಾತಾಗಿಯೇ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಗರಿಗರಿಯವರ ಹಿರಿಯ ಮಗಳ ಮದುವೆಯ ದಿನ ಭಾಮೈದ ಕೋಟಿಲ್ಲದೆ, ಮುದುಡಿದ ಅಂಗಿಯಲ್ಲಿ ಬಂದ. ಗರಿಗರಿಯವರು ಚರ್ಚಿನ ಬಾಗಿಲಲ್ಲೇ ಅವನನ್ನು ತಡೆದು, ಮದುವೆಯ ಉಡುಪಿಲ್ಲದೆ ಬಂದವನನ್ನು ಹೊರಗೆ ನೂಕಿದ ಬೈಬಲಿನ ಕಥೆಯನ್ನು ನಾಲ್ಕು ಜನರ ಮುಂದೆ ವಿವರಿಸಿ, ಕಡೆಯ ಬೆಂಚಿಗೆ ಕಳಿಸಿದರು. ಅಕ್ಕ ಒಂದು ವಾರ ಗಂಡನ ಜೊತೆ ಮಾತು ಬಿಟ್ಟರು. ಗರಿಗರಿಯವರು ಆ ಮೌನವನ್ನೂ ನೀತಿಗಾಗಿ ಪಡುವ ಪಾಡು ಎಂದೇ ತಿಳಿದರು.

ಆಮೇಲೆ ಕಿರಿಯ ಮಗಳ ಮದುವೆ ಬಂತು.

ಅಂದು ಬೆಳಿಗ್ಗೆ ನೆಂಟರೆಲ್ಲ ಚರ್ಚಿಗೆ ಹೊರಟಾಗಿತ್ತು. ಮದುಮಗಳು ಮಹಡಿಯಲ್ಲಿ ಅಮ್ಮನ ಜೊತೆ ತಯಾರಾಗಿ ಕೂತಿದ್ದಳು. ಅವಳನ್ನು ಕೈಹಿಡಿದು ಒಳಗೆ ನಡೆಸಿಕೊಂಡು ಹೋಗಬೇಕಾದ ಅಪ್ಪ ಕೆಳಗೆ ತಮ್ಮ ಒಂದೇ ಒಂದು ಕೋಟಿಗೆ ಇನ್ನೊಮ್ಮೆ ಇಸ್ತ್ರಿ ತೋರಿಸುತ್ತಿದ್ದರು. ಅದು ಹಿಂದಿನ ದಿನವೇ ಆಗಿತ್ತು. ಆದರೂ ಬೆನ್ನ ಮೇಲೆ ಒಂದು ಗೆರೆ ಇದ್ದಂತೆ ಅವರೊಬ್ಬರ ಕಣ್ಣಿಗೇ ಕಂಡಿತ್ತು. ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಇಟ್ಟರು. ಅಷ್ಟರಲ್ಲಿ ಫೋಟೋದವನು ಬಾಗಿಲಲ್ಲಿ ತಲೆ ಹಾಕಿ, “ಮದುಮಗಳು ರೆಡಿನಾ ಸಾರ್?” ಎಂದ. ಪಾಪ, ಅವನ ಕಾಲರು ಮಡಚಿಕೊಂಡಿತ್ತು.

ಗರಿಗರಿಯವರು ಕಾಲರಿನಿಂದ ಆರಂಭಿಸಿದರು. ಕಾಲರಿನಿಂದ ಶಿಸ್ತಿಗೆ, ಶಿಸ್ತಿನಿಂದ ಇಂದಿನ ಯುವಕರಿಗೆ, ಯುವಕರಿಂದ ಅಂತಿಮ ನ್ಯಾಯತೀರ್ಪಿಗೆ ಬರುವ ಹೊತ್ತಿಗೆ ಫೋಟೋದವನು ಮೂಗು ಅರಳಿಸಿ, “ಸಾರ್, ಏನೋ ಸುಟ್ಟ ವಾಸನೆ,” ಎಂದ.

ಪೆಟ್ಟಿಗೆ ಎತ್ತಿದರು. ಒದ್ದೆ ಬಟ್ಟೆ ಒಣಗಿ ಕಪ್ಪಾಗಿತ್ತು. ಅದರ ಕೆಳಗೆ ಕೋಟಿನ ಬೆನ್ನ ನಡುವೆ ಇಸ್ತ್ರಿಪೆಟ್ಟಿಗೆಯ ಪಡಿಯಚ್ಚು. ಬೆರಳು ತಾಗಿಸಿದರೆ ಬಟ್ಟೆ ತೂತಾಗಿ ಆ ಕಡೆ ಬಂತು.

ಹೆಂಡತಿ ಇಳಿದು ಬಂದು ನೋಡಿದರು. ಬೈಯುವುದಕ್ಕೆ ಅದು ಹೊತ್ತಲ್ಲವೆಂದು ತಡೆದುಕೊಂಡು, ಮೇಲೆ ತೂಗುತ್ತಿದ್ದ ಸಾಲಿನ ಕಡೆ ಗಲ್ಲ ಎತ್ತಿದರು. “ಒಂದು ಇಳಿಸ್ಕೊಳ್ಳಿ. ಮಧ್ಯಾಹ್ನ ವಾಪಸ್ ತಗಲಾಕಿದ್ರೆ ಯಾರಿಗೆ ಗೊತ್ತಾಗುತ್ತೆ?”

“ನಂಗೆ ಗೊತ್ತಾಗುತ್ತೆ.”

“ಹಾಗಾದ್ರೆ ಅಂಗೀಲೇ ಬನ್ನಿ.”

ಹೇಗೆ ಬಂದಾರು? ಅಂಗಿಯಲ್ಲಿ ಬಂದವನಿಗೆ ಆ ಬಾಗಿಲಲ್ಲಿ ಏನಾಗಬೇಕೆಂದು ಅವರೇ ನಾಲ್ಕು ಜನರ ಮುಂದೆ ತೀರ್ಪು ಕೊಟ್ಟಿದ್ದರಲ್ಲ. ಸ್ಟೂಲಿನ ಮೇಲೆ ಕುಳಿತು, “ಅವಳ ಚಿಕ್ಕಪ್ಪ ಕರ್ಕೊಂಡು ಹೋಗ್ಲಿ. ನಾನು ಬರಲ್ಲ,” ಎಂದರು.

ಮದುಮಗಳು ಬಿಳಿ ಲಂಗವನ್ನು ಎತ್ತಿ ಹಿಡಿದು ಮೆಟ್ಟಿಲ ಅರ್ಧಕ್ಕೆ ಬಂದು ನಿಂತಳು. “ಅಪ್ಪಾ, ಇವತ್ತು ಮದುವೆ ನಂಗಾ, ನಿಮ್ಮ ಕೋಟಿಗಾ?”

ಅಪ್ಪ ಸ್ಟೂಲಿನಿಂದ ಏಳಲಿಲ್ಲ. “ನೀವು ಬರದಿದ್ರೆ ನಾನೂ ಇಲ್ಲೇ ಕೂರ್ತೀನಿ,” ಎಂದು ಅವಳು ಮೆಟ್ಟಿಲ ಮೇಲೇ ಕುಳಿತುಬಿಟ್ಟಳು. ಗರಿಗರಿಯವರ ಮಗಳಲ್ಲವೆ, ಅವಳಿಗೂ ಬಾಗಿ ಗೊತ್ತಿಲ್ಲ.

ಇಷ್ಟಾಗುವಾಗ ಭಾಮೈದ ಬಂದ. ಎಂದಿನಂತೆ ತಡವಾಗಿ, ಚರ್ಚಿಗೆ ಹೋಗುವ ದಾರಿಯಲ್ಲಿ, ಬಾಗಿಲು ತೆರೆದಿದೆಯಲ್ಲ ಎಂದು ಇಣುಕಿದ. ಮೈಮೇಲೆ ಹೊಚ್ಚ ಹೊಸ ಕೋಟು. ಮೆಟ್ಟಿಲ ಮೇಲೆ ಅಕ್ಕನ ಮಗಳು, ಸ್ಟೂಲಿನ ಮೇಲೆ ಭಾವ, ಮೇಜಿನ ಮೇಲೆ ಸುಟ್ಟ ಕೋಟು. ಕಥೆಯನ್ನು ಯಾರೂ ಹೇಳಬೇಕಾಗಲಿಲ್ಲ. ಅವನು ತನ್ನ ಕೋಟು ಬಿಚ್ಚಿ ಮುಂದೆ ಹಿಡಿದ.

“ಹಾಕ್ಕೊಳ್ಳಿ ಭಾವ.”

“ಬೇರೆಯವರ ಬಟ್ಟೆ ನಾನು ಹಾಕಲ್ಲ ಅಂತ ಗೊತ್ತಲ್ವಾ?”

“ಬೇರೆಯವರದ್ದಲ್ಲ. ನಿಮ್ದೇ. ಕೊಟ್ಟಾಯ್ತು.”

ಗರಿಗರಿಯವರು ಸ್ವಲ್ಪ ಹೊತ್ತು ಕೋಟಿನ ಹೊಲಿಗೆ ನೋಡಿದರು. “ಹಾಗಾದ್ರೆ ಜೀವ ಇರೋವರೆಗೂ ನಿನ್ನ ಬಟ್ಟೆಗೆಲ್ಲ ನಾನೇ ಇಸ್ತ್ರಿ ಹಾಕಿಕೊಡ್ತೀನಿ.”

“ಬೇಡ. ನಂಗೆ ಸುಕ್ಕೇ ಒಗ್ಗಿದೆ.”

“ಎರವಲು ಅನ್ನು. ಸಂಜೆ ಒಗೆದು ಕೊಡ್ತೀನಿ.”

“ಎರವಲೂ ಅಲ್ಲ. ಸುಮ್ನೆ. ಸುಮ್ನೆ ಕೊಡೋದು ಅಂತ ಒಂದಿದೆ ಭಾವ, ಕೇಳಿಲ್ವಾ ನೀವು?”

ಗರಿಗರಿಯವರು ಮೊದಲ ಸಲ ತಲೆ ಎತ್ತಿದರು. “ಅವತ್ತು ಬಾಗಿಲಲ್ಲಿ ನಾನು ನಿಂಗೇನಂದೆ, ನೆನಪಿದೆಯೇನೋ?”

“ಇಲ್ದೆ ಏನು? ಈ ಕೋಟು ಹೊಲಿಸಿದ್ದೇ ಅದಕ್ಕೆ. ಇದನ್ನ ಹಾಕ್ಕೊಂಡು ಮೊದಲ ಬೆಂಚಲ್ಲಿ ಕೂತು ನಿಮ್ಮ ಹೊಟ್ಟೆ ಉರಿಸ್ಬೇಕು ಅಂತ ಪ್ರಾರ್ಥನೆ ಬೇರೆ ಮಾಡಿದ್ದೆ.”

“ದೇವರು ಕೇಳಿದನಾ?”

“ಕೇಳಿದ, ತಲೆಕೆಳಗಾಗಿ. ಏಳಿ ಈಗ.”

ಮೆಟ್ಟಿಲ ಮೇಲೆ ಮಗಳು ನಕ್ಕಳು. ಗರಿಗರಿಯವರು ಎದ್ದರು. ಕೋಟಿನ ಮೊಣಕೈಯಲ್ಲಿ ಒಂದು ಸುಕ್ಕಿತ್ತು, ಕೈ ತಾನಾಗಿಯೇ ಪೆಟ್ಟಿಗೆಯ ಕಡೆ ಹೋಯಿತು. ಭಾಮೈದ ಗೋಡೆಯಿಂದ ಪ್ಲಗ್ ಕಿತ್ತುಬಿಟ್ಟ. “ಇವತ್ತು ಅದನ್ನ ಮುಟ್ಟಬೇಡಿ. ಹೇಗಿದೆಯೋ ಹಾಗೇ ಹಾಕ್ಕೊಳ್ಳಿ.”

ಊರಿನ ಸುಕ್ಕನ್ನೆಲ್ಲ ತೀಡಿದ ಆ ಮನುಷ್ಯ ಎರಡೂ ಕೈ ಹಿಂದೆ ಚಾಚಿ, ಚಿಕ್ಕ ಮಗುವಿನಂತೆ ನಿಂತರು. ಭಾಮೈದ ತೊಡಿಸಿದ. ಅವನು ದಪ್ಪ, ಇವರು ತೆಳ್ಳಗೆ. ತೋಳು ಬೆರಳಿನ ತುದಿ ಮುಟ್ಟುತ್ತಿತ್ತು, ಭುಜ ಜಾರುತ್ತಿತ್ತು. ಹೆಂಡತಿ ನೋಡಿ, “ಚೆನ್ನಾಗಿದೆ,” ಎಂದರು. ಅದು ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ಗರಿಗರಿಯವರು ವಾದ ಮಾಡಲಿಲ್ಲ.

ಚರ್ಚಿನ ಬಾಗಿಲಲ್ಲಿ ಹಾಡಿನ ಪುಸ್ತಕ ಹಂಚುವ ಅಜ್ಜಿ ನಿಂತಿದ್ದರು. ಅವರ ಕಣ್ಣು ತಪ್ಪಿಸಿ ಇರುವೆಯೂ ಒಳಗೆ ಹೋಗುವಂತಿಲ್ಲ. ಮೇಲಿಂದ ಕೆಳಗೆ ನೋಡಿ, ಬೀದಿಗೆಲ್ಲ ಕೇಳುವ ಪಿಸುದನಿಯಲ್ಲಿ, “ಯಾರದ್ದಪ್ಪ ಕೋಟು?” ಎಂದರು.

ಹೊಲಿದವನು ಅಳತೆ ತಪ್ಪಿದ ಎನ್ನಬಹುದಿತ್ತು. ಮದುಮಗಳ ಕೈ ಅವರ ತೋಳಿನ ಮೇಲೆ ಕಾಯುತ್ತಿತ್ತು. ಗರಿಗರಿಯವರು ಅಜ್ಜಿಯ ಕಡೆ ತಿರುಗಿದರು.

“ನಮ್ಮ ಭಾಮೈದಂದು. ನಾನು ನಂದನ್ನ ಸುಟ್ಕೊಂಡೆ. ಅವನು ಸುಮ್ನೆ ಕೊಟ್ಟ.”

ಆಮೇಲೆ ತೋಳು ಮೇಲಕ್ಕೆಳೆದುಕೊಂಡು ಮಗಳ ಕೈ ಹಿಡಿದು ನಡೆದರು. ದಾರಿಯುದ್ದಕ್ಕೂ ಎರಡೂ ಬದಿ ನೂರಾರು ಕಾಲರುಗಳಿದ್ದವು. ಒಂದನ್ನೂ ನೋಡಲಿಲ್ಲ ಎಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ನೋಡಿದರು, ಏನೂ ಅನ್ನಲಿಲ್ಲ.

ಊಟದ ಹೊತ್ತಿಗೆ ಬೇರೆ ತೊಂದರೆ ಶುರುವಾಯಿತು. ಅಂಗಿಯಲ್ಲಿದ್ದ ಭಾಮೈದ ಒಂದೊಂದೇ ಮೇಜಿನ ಬಳಿ ನಿಂತು ಕೋಟಿನ ಕಥೆ ಹೇಳತೊಡಗಿದ. ಮೊದಲ ಮೇಜಿನಲ್ಲಿ ಅವನು ಕೋಟು ಕೊಟ್ಟ. ಮೂರನೆಯ ಮೇಜಿಗೆ ಬರುವಷ್ಟರಲ್ಲಿ ಮದುವೆ ಉಳಿಸಿದ್ದ. ಆರನೆಯ ಮೇಜಿನಲ್ಲಿ ಕುಟುಂಬದ ಮಾನವನ್ನೇ ಎತ್ತಿ ಹಿಡಿದಿದ್ದ. ಕೃಪೆಯ ಪಕ್ಷದವನ ಬಾಯಲ್ಲಿ ‘ನಾನು ಮಾಡಿದೆ, ನಾನು ಮಾಡಿದೆ’ ಎಂಬ ಮಾತು ಕೇಳಿ ಪಾದ್ರಿಗಳೂ ತಟ್ಟೆಯಿಂದ ತಲೆ ಎತ್ತಿದರು.

ಗರಿಗರಿಯವರು ಉದ್ದ ತೋಳುಗಳನ್ನು ಮಡಚಿಕೊಂಡು ಬಂದು, ಅವನ ಹೆಗಲ ಮೇಲೆ ಕೈ ಹಾಕಿ, ಪಕ್ಕದ ಖಾಲಿ ಕುರ್ಚಿ ಎಳೆದರು.

“ಕೊಟ್ಟಿದ್ದು ನೀನಲ್ಲ ಕಣೋ, ನಿನ್ನ ಕೈಲಿ ಕೊಡಿಸಿದವನು ಬೇರೆ ಇದ್ದಾನೆ. ಕೂತು ತಿನ್ನು, ಆರಿಹೋಗ್ತಿದೆ.”