ಮರಳಿನೊಳಗೆ ಹೋದ ರಾಚಪ್ಪನೂ ಬಸ್ಸಿನಲ್ಲಿ ಹೋದ ನಾನೂ

ಬೆಳಗಿನ ಆರೂವರೆಗೆ ಬರಬೇಕಾದ ಸಿಂದಗಿ ಬಸ್ಸು ಇಂಡಿಯ ಸ್ಟ್ಯಾಂಡಿಗೆ ಏಳೂಕಾಲಿಗೆ ಬಂತು. ಚೈತ್ರದ ಬಿಸಿಲು ಅಷ್ಟೊತ್ತಿಗೇ ಬೆನ್ನು ಸುಡುತ್ತಿತ್ತು. ನನ್ನ ಚೀಲದಲ್ಲಿ ಎರಡು ಧೋತರ, ಆರು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹೋದ ಮನೆಯಲ್ಲಿ ಕೊಡಲಿಕ್ಕೆಂದು ಇಪ್ಪತ್ತು ನಿಂಬೆಹಣ್ಣು. ಅಂಗಿಯ ಒಳಕಿಸೆಯಲ್ಲಿ ಎರಡು ವರ್ಷ ಹಳೆಯದಾದ ಒಂದು ಅಂಚೆಕಾರ್ಡು. ಆ ಕಾರ್ಡನ್ನು ನಾನು ಹೆಂಡತಿಗೂ ತೋರಿಸಿರಲಿಲ್ಲ.

ಹೋಗಬೇಕಾದದ್ದು ಮುದ್ದೇಬಿಹಾಳಕ್ಕೆ. ವಿಜಾಪುರದ ಮೇಲೆ ಹೋದರೆ ಒಂದೇ ದಿನದ ದಾರಿ. ನಾನು ಸಿಂದಗಿ, ಬಸವನ ಬಾಗೇವಾಡಿಗಳ ಮೇಲೆ ಸುತ್ತು ಹಾಕಿ ಹೊರಟೆ. ಎರಡು ವರ್ಷದ ಹಿಂದೆ ನನ್ನ ಗೆಳೆಯ ರಾಚಪ್ಪ ಮುದ್ದೇಬಿಹಾಳದಿಂದ ಹೊರಟು ಇದೇ ಊರುಗಳನ್ನು ಹಾದು, ಇಂಡಿ, ಝಳಕಿ ದಾಟಿ, ಸೊಲ್ಲಾಪುರದ ಕಡೆ ನಡೆದು ಹೋಗಿದ್ದ. ಕೊನೆಗೆ ಜೈಸಲಮೇರದ ಆಚೆಯ ಮರುಭೂಮಿಯಲ್ಲಿ ಕಾಣೆಯಾದ. ಅವನು ನಡೆದ ಊರುಗಳಲ್ಲಿ ಅವನ ಬಗ್ಗೆ ಒಂದಾದರೂ ಕೆಟ್ಟ ಮಾತು ಕಿವಿಗೆ ಬಿದ್ದೀತೇ ಎಂಬುದು ನನ್ನ ಆಸೆ. ಸಾಲಿ ಮಾಸ್ತರನಾದವನು ಹೀಗೆ ಬರೆಯಬಾರದು. ಆದರೆ ಇದ್ದದ್ದು ಅದೇ.

ನಾವಿಬ್ಬರೂ ಹನ್ನೆರಡು ವರ್ಷ ರಜೆ ಬಂದಾಗಲೆಲ್ಲ ಜೊತೆಗೆ ನಡೆದವರು. ಅವನು ಡ್ರಾಯಿಂಗ್ ಮಾಸ್ತರ, ನಾನು ಕನ್ನಡ ಮಾಸ್ತರ. ಹಂಪಿಗೆ ನಡೆದೆವು, ಪಂಢರಪುರಕ್ಕೆ ನಡೆದೆವು. ಮರುಭೂಮಿ ನೋಡಬೇಕೆಂಬುದು ನನ್ನ ವಿಚಾರ. ಭೂಗೋಳದ ಪುಸ್ತಕ ತೆರೆದು ಅವನಿಗೆ ತೋರಿಸಿದವನೇ ನಾನು. ಇಬ್ಬರೂ ಹೋಗುವುದೆಂದು ನಿಶ್ಚಯವಾಗಿ ವಿಜಾಪುರದ ಸ್ಟುಡಿಯೋದಲ್ಲಿ ಹೆಗಲ ಮೇಲೆ ಕೈ ಹಾಕಿಕೊಂಡು ಫೋಟೋ ತೆಗೆಸಿ ಒಂದು ಪತ್ರಿಕೆಗೆ ಕಳಿಸಿದೆವು. ಪತ್ರಿಕೆಯವರು ಜಾಗ ಸಾಲದೆ ನನ್ನನ್ನು ಕತ್ತರಿಸಿ, ‘ಏಕಾಂಗಿ ಪಾದಯಾತ್ರಿ’ ಎಂದು ಅವನೊಬ್ಬನನ್ನು ಅಚ್ಚು ಹಾಕಿದರು. ಅದಾದ ವಾರಕ್ಕೆ ರಾಚಪ್ಪ ನಡೆದು ಇಂಡಿಗೆ ಬಂದು ನನ್ನ ಮನೆಯ ಮುಂದೆ ನಿಂತು ಕರೆದಾಗ, ತಾಯಿಗೆ ಮೈಯಲ್ಲಿ ನೆಟ್ಟಗಿಲ್ಲ, ನನಗೆ ಬರಲಾಗುವುದಿಲ್ಲ ಎಂದೆ. ತಾಯಿ ಹಿತ್ತಲಲ್ಲಿ ಗಟ್ಟಿಮುಟ್ಟಾಗಿ ಸೌದೆ ಒಡೆಯುತ್ತಿದ್ದಳು.

ಸಿಂದಗಿ ಮೂವತ್ತು ಮೈಲಿ. ಬಸ್ಸಿನ ಚಾರ್ಜು ರೂಪಾಯಿಯ ಮೇಲೆ ಸ್ವಲ್ಪ. ನಯಾಪೈಸೆ ಬಂದು ವರ್ಷಗಳಾದರೂ ಕಂಡಕ್ಟರ ಆಣೆಯಲ್ಲೇ ಕೇಳುತ್ತಿದ್ದ. ಎರಡೂ ಕಡೆ ಜೋಳ ಕಿತ್ತು ಬರಿದಾದ ಎರೆಹೊಲ, ಕಾಲು ಹೋಗುವಷ್ಟು ಬಿರುಕು. ಪಕ್ಕದಲ್ಲಿ ಕುಳಿತ ರೈತನೊಬ್ಬ ನಾನು ಇಂಡಿಯವನೆಂದು ತಿಳಿದಕೂಡಲೆ ರಾಚಪ್ಪನ ಸುದ್ದಿ ತೆಗೆದ. ಅವನು ಸತ್ತಿಲ್ಲವಂತೆ, ಮರಳಿನಲ್ಲಿ ತಪಸ್ಸಿಗೆ ಕುಳಿತಿದ್ದಾನಂತೆ. ಹಿಂದಿನ ಸೀಟಿನ ಮುದುಕಿ ಅದನ್ನು ಒಪ್ಪಲಿಲ್ಲ. ಯಾವನೋ ರಾಜ ಅವನನ್ನು ಒಂಟೆಯ ಮೇಲೆ ಕೂರಿಸಿಕೊಂಡು ಹೋಗಿ ಅರಮನೆಯ ಗೋಡೆಗೆ ಚಿತ್ರ ಬರೆಸುತ್ತಿದ್ದಾನೆಂದು ಆಕೆಗೆ ಖಾತ್ರಿ. ಆ ರಾಚಪ್ಪನಿಗೆ ಆನೆಯ ಸೊಂಡಿಲು ಬರೆಯಲು ಬರುತ್ತಿರಲಿಲ್ಲ, ಸಾಲಿಯ ಗೋಡೆಯ ಮೇಲಿನ ಆನೆಗೆ ಸೊಂಡಿಲು ತಿದ್ದಿದವನು ನಾನು ಎಂದು ಹೇಳಬೇಕೆನ್ನಿಸಿತು. ಹೇಳಿದ್ದರೂ ಕೇಳುವವರು ಯಾರು?

ಸಿಂದಗಿಯಲ್ಲಿ ಖಾದರಸಾಬರ ಮನೆಯಲ್ಲಿ ಇಳಿದುಕೊಂಡೆ. ಅವರು ನಮ್ಮ ತಂದೆಯ ಕಾಲದಿಂದ ಬಳಕೆಯವರು, ಮಿಲಿಟರಿಯಲ್ಲಿ ಹವಾಲ್ದಾರರಾಗಿ ಬಾಡಮೇರದ ಕಡೆ ನಾಲ್ಕು ವರ್ಷ ಇದ್ದು ಬಂದವರು. ಬೆಲ್ಲ, ನೀರು ಕೊಟ್ಟರು. ಬದನೆಕಾಯಿ ಎಣಗಾಯಿ, ಕಟಕ ರೊಟ್ಟಿ, ಗಟ್ಟಿ ಮೊಸರು. ಊಟವಾದ ಮೇಲೆ ನಾನು ಮುದ್ದೇಬಿಹಾಳಕ್ಕೆ ಯಾಕೆ ಹೊರಟಿದ್ದೇನೆಂದು ಕೇಳಿದರು.

ಕಾರಣ ಇದು. ರಾಚಪ್ಪನ ಹೆಂಡತಿ ನೀಲವ್ವ ಮುದ್ದೇಬಿಹಾಳದಲ್ಲಿ ಅಣ್ಣನ ಮನೆಯಲ್ಲಿದ್ದಳು. ಇಪ್ಪತ್ತಾರರ ಹೆಣ್ಣುಮಗಳು, ಮಕ್ಕಳಿಲ್ಲ. ಹೆಂಡತಿ ತೀರಿಕೊಂಡ ತಾಳಿಕೋಟೆಯವನೊಬ್ಬ ಅವಳನ್ನು ಉಡಕಿ ಮಾಡಿಕೊಳ್ಳಲು, ಅಂದರೆ ಎರಡನೆಯ ಮದುವೆಯಾಗಲು, ತಯಾರಿದ್ದ. ಅವಳಿಗೂ ಮನಸ್ಸಿತ್ತು. ಗಂಡ ಬದುಕಿದ್ದರೆ ಅವನೇ ಬಂದು ಬಿಡುಗಡೆ ಕೊಡಬೇಕು. ಸತ್ತಿದ್ದು ಹೆಣ ಸಿಗದಿದ್ದರೆ, ಅವನ ಜೊತೆ ದಾರಿ ನಡೆದು ಒಂದೇ ಗಂಟಿನ ಬುತ್ತಿ ಉಂಡವನು ಹಿರಿಯರ ಮುಂದೆ ಕೂತು, ‘ಸತ್ತಾನ’ ಎಂದು ಹೇಳಬೇಕು. ಅದು ಅವರ ಮಂದಿಯ ಪದ್ಧತಿ. ಹಾಗೆ ಹೇಳಬಲ್ಲವನು ಲೋಕದಲ್ಲಿ ನಾನೊಬ್ಬನೇ. ನೀಲವ್ವನ ಅಣ್ಣ ಬಸಲಿಂಗಪ್ಪ ಪತ್ರ ಬರೆದು ಕರೆಸಿದ್ದ.

ಸತ್ತನೆಂದು ಹೇಳಲು ನನಗೆ ಇಷ್ಟವಿರಲಿಲ್ಲ. ಸತ್ತರೆ ಅವನು ಇನ್ನಷ್ಟು ದೊಡ್ಡವನಾಗುತ್ತಾನೆ. ಎಲ್ಲೋ ಸೋತು ಕೂತಿದ್ದಾನೆ, ಮುಖ ತೋರಿಸಲು ನಾಚಿಕೆಯಾಗಿ ಬಂದಿಲ್ಲ ಎಂದೇ ನಾನು ಎರಡು ವರ್ಷ ನಂಬಿಕೊಂಡು ಬಂದಿದ್ದೆ. ನಿದ್ದೆಗೆ ಅದೇ ಅನುಕೂಲವಾಗಿತ್ತು. ಖಾದರಸಾಬರಿಗೆ ಏನನ್ನಿಸಿತೋ, ಅವನು ಅಲ್ಲಿಂದ ಏನಾದರೂ ಬರೆದಿದ್ದನೇ ಎಂದು ಕೇಳಿದರು. ನಾನು ಮೊದಲ ಸಲ ಆ ಕಾರ್ಡನ್ನು ಹೊರಗೆ ತೆಗೆದೆ. ಅವರಿಗೆ ಕನ್ನಡ ಓದಲು ಬಾರದ್ದರಿಂದ ನಾನೇ ಓದಿದೆ: ‘ಇಲ್ಲಿ ದಾರಿ ಕೇಳುವ ತಾಪತ್ರಯವೇ ಇಲ್ಲ. ದೂರದಲ್ಲಿ ಗಿಡ ಕಂಡರೆ ಸಾಕು, ನಮ್ಮ ಸೀಮೆಯಂತೆಯೇ ನೆಟ್ಟಗೆ ಅದರ ಕಡೆ ನಡೆಯುತ್ತೇನೆ. ನಾಳೆಯೂ ಹಾಗೆಯೇ. ನೀನು ಬರಬೇಕಾಗಿತ್ತು.’

ನಮ್ಮ ಎರೆಸೀಮೆಯಲ್ಲಿ ಮೈಲಿಗಟ್ಟಲೆ ಗಿಡವಿರುವುದಿಲ್ಲ. ಒಂದು ಬೇವಿನ ಗಿಡವೋ ಹುಣಸೆಯ ಗಿಡವೋ ಕಂಡರೆ ಅದರ ಬುಡಕ್ಕೆ ಭಾವಿ ಇದೆ ಎಂದೇ ಲೆಕ್ಕ. ರಾಚಪ್ಪ ಯಾವಾಗಲೂ ದಾರಿ ಬಿಟ್ಟು ಗಿಡದ ಕಡೆ ಹೊಲ ಬಿದ್ದು ಹೊರಡುವವನು. ದನ ಕಾಯುವವರನ್ನು ನಿಲ್ಲಿಸಿ ನೀರು ಎಲ್ಲಿದೆಯೆಂದು ಕೇಳುವವನು ನಾನು. ಅದಕ್ಕೆ ಅವನು ನನ್ನನ್ನು ಕಂದಾಯದ ಕಾರಕೂನ ಎಂದು ಕಾಡಿಸುತ್ತಿದ್ದ.

ಖಾದರಸಾಬರು ಕಾರ್ಡನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದರು. ಆಮೇಲೆ ಹೇಳಿದರು: “ಮಾಸ್ತರ್ರ, ಅಲ್ಲಿ ಗಿಡ ಇದ್ದಲ್ಲಿ ನೀರ ಇರೂದಿಲ್ರಿ. ಅದರ ಬೇರ ಭಾಳ ಆಳಕ್ಕ ಇಳದಿರ್ತಾವು. ಗಿಡ ಒಂದ ಬದಕತೈತಿ, ಬುಡಕ್ಕ ಹೋದಾವ ಬದಕೂದಿಲ್ಲ. ನಮ್ಮ ಕಡಿ ಹುಡುಗೂರು ಇಬ್ಬರು ಹಿಂಗ ಹೋಗಿದ್ದು ನಾ ಕಣ್ಣಾರೆ ಕಂಡೇನಿ.”

ಕಾರ್ಡಿನ ಕೊನೆಯಲ್ಲಿ ಹಾಕಿದ್ದ ದಿನಕ್ಕೂ, ಅವನು ಕಾಣೆಯಾದ ದಿನವೆಂದು ಅಲ್ಲಿಯ ಪೋಲೀಸರು ತಿಳಿಸಿದ್ದ ದಿನಕ್ಕೂ ನಡುವೆ ಇದ್ದದ್ದು ಎರಡೇ ದಿನ. ಇನ್ನು ಅನುಮಾನ ಉಳಿಯಲಿಲ್ಲ. ರಾಚಪ್ಪ ಸತ್ತಿದ್ದ, ನಮ್ಮ ಹೊಲದಲ್ಲಿ ನಡೆದ ಹಾಗೆಯೇ ನಡೆದು ಸತ್ತಿದ್ದ. ನನಗೆ ದುಃಖವಾಯಿತೆಂದು ಬರೆದರೆ ಓದಲು ಚೆನ್ನ. ಮೊದಲು ಅನ್ನಿಸಿದ್ದು, ಇನ್ನು ಇವನನ್ನು ಹಿಡಿಯಲಾಗುವುದಿಲ್ಲ ಎಂದು.

ಮರುದಿನ ದೇವರ ಹಿಪ್ಪರಗಿಯ ಮೇಲೆ ಬಸವನ ಬಾಗೇವಾಡಿಗೆ ಹೊರಟೆ. ಮೂವತ್ತೈದು ಮೈಲಿಗೂ ಮೇಲೆ. ನಡುವೆ ಬಸ್ಸಿನ ಟಾಯರು ಒಡೆದು ಎರಡು ತಾಸು ಬೇವಿನ ಗಿಡದ ಕೆಳಗೆ ಕುಳಿತಿದ್ದೆವು. ಪಕ್ಕದಲ್ಲಿ ಭಾವಿಯೂ ಇತ್ತು, ನೀರು ಸ್ವಲ್ಪ ಸವಳು. ಬಾಗೇವಾಡಿ ಮುಟ್ಟಿದಾಗ ಮುದ್ದೇಬಿಹಾಳದ ಕೊನೆಯ ಬಸ್ಸು ಬಿಡುವುದರಲ್ಲಿತ್ತು. ಹಸಿವಾಗಿದ್ದರಿಂದ ಅದನ್ನು ಬಿಟ್ಟುಕೊಟ್ಟು ಸ್ಟ್ಯಾಂಡಿನ ಎದುರಿನ ಚಹಾದಂಗಡಿಗೆ ನುಗ್ಗಿ, ಮಿರ್ಚಿ ಭಜಿ, ಚುರಮುರಿ ತೆಗೆದುಕೊಂಡೆ.

ಕುಳಿತು ಕತ್ತೆತ್ತಿದರೆ ಗೋಡೆಯ ಮೇಲೆ ರಾಚಪ್ಪ. ಪತ್ರಿಕೆಯ ಆ ಚಿತ್ರಕ್ಕೆ ಕಟ್ಟು ಹಾಕಿಸಿ, ಹೂ ಏರಿಸಿ, ಊದಿನಕಡ್ಡಿ ಹಚ್ಚಿದ್ದರು. ಅವನ ಎಡಹೆಗಲ ಮೇಲೆ ನನ್ನ ನಾಲ್ಕು ಬೆರಳು ಉಳಿದಿದ್ದವು. ಅದೇನು ಎಂದು ಅಂಗಡಿಯವನನ್ನು ಕೇಳಿದೆ. ಶಾಲಿನ ಅಂಚು ಎಂದ. ಇಲ್ಲೇ ಚಹಾ ಕುಡಿದ ಪುಣ್ಯಾತ್ಮ, ಒಬ್ಬನೇ ಹೋದ, ಜೊತೆಗೆ ಬರುತ್ತೇನೆಂದವನೊಬ್ಬ ಹೇಡಿ ಕೈಕೊಟ್ಟನಂತೆ ಎಂದೂ ಹೇಳಿದ. ಸುತ್ತ ಕುಳಿತವರೆಲ್ಲ ತಲೆಯಾಡಿಸಿದರು.

ನನಗೆ ಪಿತ್ತ ನೆತ್ತಿಗೇರಿತು. ರಾಚಪ್ಪ ಸತ್ತದ್ದು ನಿನ್ನೆಯಿಂದ ಗೊತ್ತಿದ್ದೂ, ನಾನು ಭಜಿ ಅಗಿಯುತ್ತ, ನಿಮಗೆ ಗೊತ್ತಿಲ್ಲವೇ, ಅವನು ಜೋಧಪುರದಲ್ಲಿ ಬಟ್ಟೆಯಂಗಡಿಯವನ ಮಗಳನ್ನು ಮದುವೆಯಾಗಿ ಸುಖವಾಗಿದ್ದಾನೆ, ಕಂಡು ಬಂದವರೇ ನನಗೆ ಹೇಳಿದರು ಎಂದೆ. ಅಂಗಡಿಯವನ ಮುಖ ಸಣ್ಣದಾಯಿತು. ಎರಡು ವರ್ಷದಲ್ಲಿ ಆ ಭಜಿಯಷ್ಟು ರುಚಿಯಾದದ್ದನ್ನು ನಾನು ತಿಂದಿರಲಿಲ್ಲ. ಒಂದಿಬ್ಬರು ಗಡಿಬಿಡಿಯಿಂದ ಎದ್ದು, ಇನ್ನೂ ಹೊರಡದೆ ನಿಂತಿದ್ದ ಮುದ್ದೇಬಿಹಾಳದ ಬಸ್ಸು ಹತ್ತಿದ್ದನ್ನು ಕಂಡರೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಆ ಊರಲ್ಲೇ ಉಳಿದು ಮೂರನೆಯ ದಿನ ಬೆಳಿಗ್ಗೆ ಇಪ್ಪತ್ತೈದು ಮೈಲಿ ಹೋಗಿ ಮುದ್ದೇಬಿಹಾಳದಲ್ಲಿ ಇಳಿದೆ. ಬಸಲಿಂಗಪ್ಪನ ಪಡಸಾಲೆಯಲ್ಲಿ ಐವರು ಹಿರಿಯರು ಕಂಬಳಿಯ ಮೇಲೆ ಕುಳಿತಿದ್ದರು. ನೀಲವ್ವ ಒಳಬಾಗಿಲಿನ ಮರೆಯಲ್ಲಿ ನಿಂತಿದ್ದಳು. ತಾಳಿಕೋಟೆಯವರು ಯಾರೂ ಕಾಣಲಿಲ್ಲ. ನಿಂಬೆಹಣ್ಣಿನ ಗಂಟನ್ನು ಬಸಲಿಂಗಪ್ಪನ ಕೈಗೆ ಕೊಟ್ಟರೆ ಅವನು ಅದನ್ನು ನೋಡದೆ ಬದಿಗಿಟ್ಟ.

ಹಿರಿಯರಲ್ಲಿ ವಯಸ್ಸಾದವರು ಹೇಳಿದರು: “ಮಾಸ್ತರ್ರ, ನಿಮ್ಮನ್ನ ಸುಳ್ಳ ದಣಿಸಿದಂಗಾತು. ನಿನ್ನಿ ಸಂಜಿ ಬಾಗೇವಾಡಿಯಿಂದ ಸುದ್ದಿ ಬಂತು. ರಾಚಪ್ಪ ಜೋಧಪುರದಾಗ ಲಗ್ನಾ ಮಾಡಿಕೊಂಡ ಅದಾನಂತ. ತಾಳಿಕೋಟಿಯವ್ರು ಕೇಳಿ ಮುಂಜಾನೆ ಎದ್ದ ಹೋದ್ರು. ಗಂಡ ಇದ್ದಾಕಿನ್ನ ಹೆಂಗ ಕೊಡೂದು?”

ಸುಮ್ಮನೆ ಇದ್ದುಬಿಡಬಹುದಾಗಿತ್ತು. ಸುಮ್ಮನಿದ್ದರೆ ರಾಚಪ್ಪ ಎಲ್ಲ ಊರುಗಳಲ್ಲೂ ಹೆಂಡತಿಯನ್ನು ಬಿಟ್ಟು ಓಡಿಹೋದವನಾಗುತ್ತಿದ್ದ. ಎರಡು ವರ್ಷದಿಂದ ನಾನು ಬಯಸಿದ್ದೇ ಅದು. ಆದರೆ ಬಾಗಿಲ ಮರೆಯಲ್ಲಿ ಬಳೆಯ ಸದ್ದೂ ಇಲ್ಲದೆ ಆಕೆ ನಿಂತಿದ್ದಳು. ಆಕೆ ಹಾಗೆಯೇ ಇಪ್ಪತ್ತು, ಮೂವತ್ತು ವರ್ಷ ನಿಂತಿರುವುದು ನನ್ನ ಕಣ್ಣಿಗೆ ಬಂತು.

“ಅದನ್ನ ಹೇಳಿದಾವ ನಾನ ಅದೇನ್ರಿ,” ಎಂದೆ. “ಅದು ಸುಳ್ಳ. ಹೊಟ್ಟಿಕಿಚ್ಚಿಗೆ ಹೇಳಿದೆ. ರಾಚಪ್ಪ ಸತ್ತಾನ.”

ಕಾರ್ಡನ್ನು ತೆಗೆದು ಓದಿದೆ. ಗಿಡದ ಸಂಗತಿಯನ್ನೂ ಖಾದರಸಾಬರು ಹೇಳಿದ್ದನ್ನೂ ವಿವರಿಸಿದೆ. ಗಿಡದ ಬುಡಕ್ಕೆ ನೀರಿಲ್ಲವೆಂದು ಹೇಳಿದಾಗ ಐವರೂ ಬೆರಗಾದರು. ಅವರಾದರೂ ಅಲ್ಲಿ ಗಿಡದ ಕಡೆಗೇ ನಡೆಯುತ್ತಿದ್ದರು ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಇಷ್ಟು ದಿನ ಕಾರ್ಡನ್ನು ಮುಚ್ಚಿಟ್ಟದ್ದಕ್ಕೆ ಬಸಲಿಂಗಪ್ಪ ನನ್ನ ಮೇಲೆ ಕೈಯೆತ್ತಿ ಬಂದ. ಹಿರಿಯರು ತಡೆದರು. ಅವನ ಜೊತೆ ನಡೆದೆಯಾ, ಒಂದೇ ಬುತ್ತಿ ಉಂಡೆಯಾ ಎಂದು ಪದ್ಧತಿಯ ಪ್ರಕಾರ ಮೂರು ಸಲ ಕೇಳಿದರು. ಮೂರು ಸಲವೂ ಹೌದೆಂದೆ. ದಾರಿಯಲ್ಲೇ ಇದ್ದ ತಾಳಿಕೋಟೆಯವರ ಬೆನ್ನಿಗೆ ಒಬ್ಬನನ್ನು ಸೈಕಲ್ಲಿನ ಮೇಲೆ ಓಡಿಸಿದರು. ಮಧ್ಯಾಹ್ನದ ಹೊತ್ತಿಗೆ, ಬರುತ್ತೇವೆ ಎಂಬ ಉತ್ತರ ಬಂತು.

ನನಗೆ ಯಾರೂ ಊಟಕ್ಕೆ ಏಳು ಎನ್ನಲಿಲ್ಲ. ಚೀಲ ಎತ್ತಿಕೊಂಡು ಅಂಗಳ ದಾಟುವಾಗ ನೀಲವ್ವ ಹಿಂದಿನಿಂದ ಬಂದು ನಿಲ್ಲಿಸಿದಳು. ಕಣ್ಣು ಒಣಗಿದ್ದವು. ಕಾರ್ಡು ಕೇಳಿದಳು, ಕೊಟ್ಟೆ.

“ಅಣ್ಣಾರ, ನೀವು ಜೋಡಿ ಇದ್ರ ಅವರು ಆ ಗಿಡದ ಕಡಿ ಹೋಗ್ತಿದ್ರೇನು?”

“ಇಲ್ಲ ತಂಗಿ. ನಾ ಮೊದಲ ಯಾರನ್ನರ ಕೇಳತಿದ್ದೆ.”

“ನಿಮ್ಮ ತಾಯಿಗೆ ಆರಾಮ ಇರಲಿಲ್ಲಂತ ಹೋಗಲಿಲ್ಲ, ಹೌದಿಲ್ಲೋ?”

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. “ತಾಯಿ ಆರಾಮ ಇದ್ಲು. ಪೇಪರಿನ್ಯಾಗ ಆತನ ಒಬ್ಬನ ಫೋಟೋ ಬಂತು. ಅದಕ್ಕ ಹೋಗಲಿಲ್ಲ.”

ಆಕೆ ನನ್ನನ್ನೇ ನೋಡಿದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು.

“ಇಷ್ಟಕ್ಕ?” ಎಂದಳು.

ಒಳಗೆ ಹೋಗಿ ಕದ ಮುಂದಕ್ಕೆ ಮಾಡಿಕೊಂಡಳು.

ಎರಡು ಗಂಟೆಯ ವಿಜಾಪುರ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಬಸ್ಸು ಆ ಓಣಿಯ ತುದಿಯನ್ನು ದಾಟುವಾಗ ಹಿಂತಿರುಗಿ ನೋಡಿದೆ. ಮನೆಯ ಮುಂದೆ ಹೆಂಗಸರು ಕೂಡಿದ್ದರು, ಒಳಗಿನಿಂದ ನೀಲವ್ವನ ಅಳು ಬೀದಿಯವರೆಗೂ ಕೇಳುತ್ತಿತ್ತು. ಎರಡು ವರ್ಷ ಹಿಡಿದಿಟ್ಟ ಅಳು ಅದು. ಹಾಗೆ ಅಳುವವರು ನನಗೆ ಯಾರಿದ್ದಾರೆಂದು ಒಬ್ಬೊಬ್ಬರನ್ನಾಗಿ ನೆನೆಸಿಕೊಳ್ಳುತ್ತ ಹೋದೆ. ಬಸ್ಸು ಬಾಗೇವಾಡಿಯ ರಸ್ತೆಗೆ ಹೊರಳಿತು. ಬಾಯಾರಿ ಸತ್ತ ಆ ರಾಚಪ್ಪನ ಮೇಲೆ ನನಗೆ ಆಗಲೂ ಹೊಟ್ಟೆಕಿಚ್ಚೇ ಆಯಿತು.