ಹಂದಿಗಳ ಜಡ್ಡು ಹುಡುಕಿಕೊಂಡು ಗಂಗಾವತಿಗೆ

"ರಕ್ತ ಫ್ರಿಜ್ಜಿನಾಗ ಇಡಂಗಿಲ್ಲ ಹೌದಲ್ರಿ?"

ಗಂಗಾವತಿಯಲ್ಲಿ ಬಾಡಿಗೆ ಮನೆ ಕೇಳಲು ಹೋದ ನನಗೆ ಮನೆಯೊಡತಿ ಗೌರಮ್ಮ ಹಾಕಿದ ಮೊದಲ ಪ್ರಶ್ನೆ ಇದು. ಹಂದಿಗಳ ರಕ್ತ ತೆಗೆದು ಅವುಗಳಲ್ಲಿ ಯಾವ ವೈರಸ್‌ಗಳಿವೆ, ಅವು ಊರಿಂದೂರಿಗೆ ಹೇಗೆ ಹರಡುತ್ತವೆ, ಹರಡುತ್ತ ಹೇಗೆ ಬದಲಾಗುತ್ತವೆ ಎಂದು ನೋಡುವುದು ನನ್ನ ಕೆಲಸ ಎಂದು ಹೇಳಿದ್ದೆ. ಅದಕ್ಕೂ ಮೊದಲು ಕೇಳಿದ ಮನೆಗಳವರು ಹಂದಿ ಎಂದ ಕೂಡಲೇ ಬಾಗಿಲು ಮುಂದೆ ಮಾಡಿದ್ದರು. ರಕ್ತವೆಲ್ಲ ಕಚೇರಿಯಲ್ಲೇ ಇರುತ್ತದೆ ಎಂದೆ.

"ಹಂಗಾರ ಬರ್ರಿ. ಮಂದಿ ಕೇಳಿದ್ರ ಎಮ್ಮಿ ಡಾಕ್ಟರ್ ಅಂತೀನಿ," ಎಂದರು ಗೌರಮ್ಮ.

ನನ್ನೂರಾದ ಕೊಡಗಿನಲ್ಲಿ ಕುಳಿತು ಓದುವ ನಿಮಗೆ ನಗು ಬರಬಹುದು. ಹಂದಿಕರಿ ಇಲ್ಲದಿದ್ದರೆ ನಮ್ಮ ಬಂಧುಗಳು ಮದುವೆಯೂಟವನ್ನೇ ಆಡಿಕೊಳ್ಳುತ್ತಾರೆ. ಗೌರಮ್ಮ ಆ ಪ್ರಾಣಿಯ ಹೆಸರನ್ನು ದನಿ ತಗ್ಗಿಸಿ ಹೇಳುತ್ತಾರೆ. ಕೊಡಗಿನಲ್ಲಿ ಹಂದಿ ಗೂಡಿನೊಳಗೆ. ಇಲ್ಲಿ ಹಗಲೆಲ್ಲ ಬೀದಿ ಸುತ್ತಿ ಸಂಜೆ ತಾನಾಗಿ ಮನೆ ಸೇರುತ್ತದೆ. ಆದರೂ ನನಗೆ ಜೋಳದ ರೊಟ್ಟಿ ಬಡಿಯಲು ಕಲಿಸಿದವರು ಇದೇ ಗೌರಮ್ಮ. ನನ್ನ ಮೊದಲ ರೊಟ್ಟಿ ಕಂಡು, "ಕೊಪ್ಪಳ ಜಿಲ್ಲಾದ ನಕಾಶಿ ಆತು ನೋಡ್ರಿ," ಎಂದು ನಕ್ಕು, ಅದನ್ನು ತಾವೇ ತಿಂದರು.

ಊರಂಚಿನಲ್ಲಿ ಹಂದಿ ಸಾಕುವ ಹನುಮವ್ವ ಒಂದು ಬೆಳಿಗ್ಗೆ ಫೋನು ಮಾಡಿದಳು. "ಮರಿಗೋಳು ಜಡ್ಡಾಗ್ಯಾವ್ರಿ ಅಕ್ಕಾರ." ನಮಗೆ ಜಡ್ಡು ಎಂದರೆ ಆಲಸ್ಯ. ಬಿಸಿಲಿಗೆ ಮಂಕಾಗಿರಬೇಕು ಎಂದುಕೊಂಡು ಚಹಾ ಕುಡಿಯುತ್ತ ಕುಳಿತೆ. ಮರಿಗಳು ಜಡ್ಡಾಗಿವೆಯಂತೆ ಎಂದಾಗ ಗೌರಮ್ಮ ತಿದ್ದಿದರು: "ಜಡ್ಡಂದ್ರ ರೋಗ ರೀ! ಏಳ್ರಿ ಮೊದಲ."

ಮರಿಗಳ ಕಿವಿ ಮತ್ತು ತೊಡೆಯ ಮೇಲೆ ಕೆಂಪು ಕಲೆಗಳಿದ್ದವು. ಕೊಡಗಿನ ನಮ್ಮ ಮನೆಯ ಹಂದಿಗಳ ಮೇಲೂ ಇಂಥವೇ ಕಲೆ ಕಂಡಿದ್ದೆ. ಆಫ್ರಿಕನ್ ಹಂದಿಜ್ವರ ಎಂದು ಖಚಿತವಾದ ಮೇಲೆ ಅಪ್ಪನ ಗೂಡಿನ ಹಂದಿಗಳನ್ನೆಲ್ಲ, ಆರೋಗ್ಯವಾಗಿದ್ದವನ್ನೂ, ಕೊಂದು ಹೂಳಿದ್ದನ್ನು ನಾನು ನಿಂತು ನೋಡಿದ್ದೇನೆ.

"ರಕ್ತದಾಗ ದೊಡ್ಡ ಜಡ್ಡು ಬಂದ್ರ ಏನ್ ಮಾಡ್ತೀರಿ?" ಹನುಮವ್ವ ಕೇಳಿದಳು.

"ಎಲ್ಲ ಹಂದಿಗಳನ್ನೂ ಕೊಲ್ಲಬೇಕಾಗುತ್ತದೆ. ನೆರೆಮನೆಗಳವನ್ನೂ," ಎಂದೆ.

"ಕೊಡಬ್ಯಾಡ ರಕ್ತ," ಎಂದಳು ಅವಳ ಅತ್ತೆ. "ಇಕಿ ಸೂಜಿ ಚುಚ್ಚಿ ಹೋಗ್ತಾಳ, ಹಿಂದ ಕುಣಿ ತೋಡಾಕ ಜೆಸಿಬಿ ಬರತೈತಿ."

ಹನುಮವ್ವ ಮರಿಗಳತ್ತ ಬಾಗಿ ಒಂದರ ಕಿವಿ ತಡವಿದಳು. "ಯಲಬುರ್ಗಾದ ನನ್ನ ತಂಗಿಗೆ ಮರಿ ಕಳಸೂದೈತಿ, ಅತ್ತಿ. ಗೊತ್ತಿಲ್ದ ಅಕಿ ಮನಿಗೆ ಜಡ್ಡು ಕಳಸ್ಲೇನು?" ಎಂದಳು. ನನ್ನತ್ತ ತಿರುಗಿ, "ಚುಚ್ರಿ," ಎಂದು ತಾನೇ ಮರಿಯ ಹಿಂಗಾಲು ಹಿಡಿದಳು.

ವರದಿ ಬರುವವರೆಗೆ ನಾನು ಸರಿಯಾಗಿ ಉಣ್ಣಲಿಲ್ಲ. ಹನುಮವ್ವ ಹಂದಿಗಳನ್ನು ಹೊರಗೆ ಬಿಡದೆ, ಹೋಟೆಲಿನ ಉಳಿಕೆ ಅನ್ನವನ್ನು ಹೊತ್ತು ತಂದು ಹಾಕಿದಳು. ಅತ್ತೆ ನನ್ನನ್ನು ಕಂಡಾಗಲೆಲ್ಲ ಮುಖ ತಿರುಗಿಸಿದಳು.

ವರದಿ ಬಂತು. ಆಫ್ರಿಕನ್ ಹಂದಿಜ್ವರ ಅಲ್ಲ, ಮಾಮೂಲಿ ಹಂದಿಜ್ವರವೂ ಅಲ್ಲ. ಸರ್ಕೋವೈರಸ್ ಎಂಬ ಬೇರೊಂದು ವೈರಸ್. ಕೆಲವು ಮರಿಗಳು ಸತ್ತವು, ಉಳಿದವು ಸೊರಗಿದವು. ಕೊಲ್ಲುವ ಮಾತು ಮಾತ್ರ ಇರಲಿಲ್ಲ. ಸುದ್ದಿ ಕೇಳಿ ಅತ್ತೆ ಒಳಗೆ ಹೋಗಿ, ಒಂದು ತಟ್ಟೆ ಮಂಡಕ್ಕಿ ತಂದು ನನ್ನ ಮುಂದಿಟ್ಟಳು. ಆ ತಟ್ಟೆಗೆ ನಾನು ಇಂದಿಗೂ ಋಣಿ.

"ಎಲ್ಲಿಂದ ಬಂತ್ರಿ ಇದು?" ಹನುಮವ್ವ ಕೇಳಿದಳು.

ವೈರಸ್‌ಗಳ ವಂಶವಾಹಿ ರಚನೆಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಯಾವುದಕ್ಕೆ ಹತ್ತಿರದ ನೆಂಟ ಎಂದು ತಿಳಿಯುತ್ತದೆ ಎಂದು ವಿವರಿಸಿದೆ. ಇದರ ಹತ್ತಿರದ ನೆಂಟ ಕೊಡಗಿನ ಹಂದಿಗಳಲ್ಲಿತ್ತು. ಮರಿಗಳು ಲಾರಿಯಲ್ಲಿ ಊರೂರು ದಾಟುತ್ತವೆ. "ನಮ್ಮ ಕಡೆಯಿಂದ ನಮ್ಮ ಕಡೆಗೆ ಬಂದಿರಬಹುದು. ಅಥವಾ ಇಲ್ಲಿಂದ ಅಲ್ಲಿಗೆ ಹೋಗಿರಬಹುದು. ಇಷ್ಟರಿಂದ ಹೇಳಲಾಗದು."

ಹನುಮವ್ವ ನಕ್ಕಳು. "ನಮ್ಮ ಕಡಿಯಿಂದ ನಮ್ಮ ಕಡಿಗೆ ಅಂದ್ರ? ನಿಮ್ಮ ಕಡಿ ಯಾವುದ್ರಿ ಅಕ್ಕಾರ?"

ಕೊಡಗನ್ನೂ ಗಂಗಾವತಿಯನ್ನೂ 'ನಮ್ಮ ಕಡೆ' ಎಂದಿದ್ದೇನೆಂದು ಆಗಲೇ ನನಗೆ ಹೊಳೆದದ್ದು.

"ಇರಲಿ ಬಿಡ್ರಿ," ಎಂದು ಅವಳು ಬದುಕುಳಿದ ಮರಿಯೊಂದನ್ನು ನನ್ನ ಮಡಿಲಿಗೆ ಹಾಕಿದಳು. "ಹಿಡ್ಕೋರಿ, ಓಡತೈತಿ."