ನಾಲ್ಕನೆಯ ಕಲ್ಲಿನ ಮಲ್ಲಿಗೆ

ನಿವೃತ್ತಿಗೆ ಇನ್ನು ಎರಡು ವರ್ಷ ಇರುವಾಗ ನಾನು ಎರಡನೆಯ ಸಲ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಸರ್ಕಾರಿ ಭೂಮಾಪಕನಾಗಿದ್ದೆ. ಜನರ ಬಾಯಲ್ಲಿ ಸರ್ವೆಯರ್. ಅದಕ್ಕೆ ಮೊದಲು ಶ್ರೀರಂಗಪಟ್ಟಣದ ಗದ್ದೆ, ಪಾಂಡವಪುರದ ಕಬ್ಬಿನ ಹೊಲ, ನಾಗಮಂಗಲದ ತೆಂಗಿನ ತೋಟ ಎಲ್ಲವನ್ನೂ ಅಳೆದು ಬಂದಿದ್ದೆ. ಮೂವತ್ತು ವರ್ಷ ದಾಟಿದ ಸರ್ವೀಸಿನಲ್ಲಿ ಅಣ್ಣತಮ್ಮಂದಿರ ಬದುವಿನ ಜಗಳ ಎಷ್ಟು ಬಿಡಿಸಿದೆನೋ, ಎಷ್ಟು ಹೊತ್ತಿಸಿದೆನೋ ನೆನಪಿಲ್ಲ. ಒಂದು ಅಳತೆಯನ್ನು ಮಾತ್ರ ಮರೆಯಲಾರೆ. ಅದರಲ್ಲಿ ತಪ್ಪಿತಸ್ಥ ನಾನೇ ಆಗಿದ್ದೆ.

ಅಕ್ಕಿಹೆಬ್ಬಾಳಿನಿಂದ ಮುಂದೆ ಹೇಮಾವತಿಯ ದಡದಲ್ಲಿ ಒಂದು ಹಳ್ಳಿ, ಹೆಸರು ಬೇಡ. ಅಲ್ಲಿನ ರಸ್ತೆಯನ್ನು ಅಗಲ ಮಾಡುವ ಕೆಲಸ ಬಂದಿತ್ತು. ರಸ್ತೆಯ ಅಂಚಿಗೇ ಒಂದು ಎಕರೆ ಎರಡು ಗುಂಟೆ ಜಾಗ. ಅಲ್ಲಿ ಹಿಂದೆ ಕ್ರೈಸ್ತ ಸನ್ಯಾಸಿನಿಯರು, ಅಂದರೆ ಸಿಸ್ಟರ್‌ಗಳು, ನಡೆಸುತ್ತಿದ್ದ ಸಣ್ಣ ಆಸ್ಪತ್ರೆ ಇತ್ತು. ಅದು ಮುಚ್ಚಿ ಬಹಳ ಕಾಲವಾಗಿ, ಗೋಡೆಗಳ ನಡುವೆ ಹೊಂಗೆ ಬೆಳೆದಿತ್ತು. ಆ ಜಾಗದಿಂದ ಎರಡು ಗುಂಟೆ ರಸ್ತೆಗೆ ಹೋಗಬೇಕಿತ್ತು.

ನಮ್ಮಲ್ಲಿ ಸ್ಕೆಚ್ ಎಂದರೆ ಜಮೀನಿನ ಎಲ್ಲೆ, ಬಾವಿ, ಮರ, ಗುಡಿ ಎಲ್ಲವನ್ನೂ ಗುರುತಿಸಿದ ನಕ್ಷೆ. ಸರ್ವೆಯರ್ ಅದರಲ್ಲಿ ಬರೆದದ್ದೇ ಆಮೇಲೆ ವೇದವಾಕ್ಯ. ಆ ಜಾಗದ ಸ್ಕೆಚ್ಚಿನಲ್ಲಿ ರಸ್ತೆ ಪಕ್ಕಕ್ಕೆ ನಾಲ್ಕು ಚುಕ್ಕಿ ಇಟ್ಟು 'ಮಾರಮ್ಮನ ಕಲ್ಲು, 4' ಎಂದು ಬರೆದಿತ್ತು. ಇಂಥ ಕಲ್ಲು ಅಡ್ಡ ಬಂದರೆ ಊರವರನ್ನು ಒಪ್ಪಿಸಿ, ಪೂಜೆ ಮಾಡಿಸಿ, ಹತ್ತಡಿ ಆಚೆ ನೆಟ್ಟರೆ ಕೆಲಸ ಮುಗಿಯುತ್ತದೆ. ರಸ್ತೆಯ ಎಂಜಿನಿಯರ್ ಹಾಗೆಯೇ ಯೋಜನೆ ಹಾಕಿದ್ದರು. ಸ್ಕೆಚ್ಚಿನ ಕೆಳಗೆ ಇಪ್ಪತ್ತೆರಡು ವರ್ಷ ಹಳೆಯ ಸಹಿ ಇತ್ತು. ಅದು ನನ್ನದು.

ರಸ್ತೆಯವರೂ ನಾವೂ ಸೇರಿ ಮಾಡುವ ಜಂಟಿ ಅಳತೆಗೆ ಒಂದು ವಾರ ಇರುವಾಗ ಕಚೇರಿಗೆ ಒಬ್ಬ ವಯಸ್ಸಾದ ಸಿಸ್ಟರ್ ಬಂದರು. ಬೂದಿ ಬಣ್ಣದ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಹೆಸರು ಫಿಲೋಮಿನಾ, ಹುಟ್ಟಿದ್ದು ಶ್ರೀರಂಗಪಟ್ಟಣದ ಪಕ್ಕದ ಹಳ್ಳಿ, ವಯಸ್ಸು ಎಪ್ಪತ್ತನಾಲ್ಕು. ಕುರ್ಚಿ ಕೊಟ್ಟರೂ ತುದಿಯಲ್ಲಿ ಕೂತರು.

"ಸಾರ್, ಅಲ್ಲಿರೋದು ದೇವರ ಕಲ್ಲಲ್ಲ. ನಮ್ಮ ನಾಲ್ಕು ಜನ ಮಲಗಿದ್ದಾರೆ" ಎಂದರು.

ನನಗೆ ಮೊದಲು ಬಂದದ್ದು ಸಿಟ್ಟು. ಸರ್ವೆಯರಿಗೆ ಅವನ ಸ್ಕೆಚ್ ತಪ್ಪು ಎನ್ನುವುದೂ ಒಂದೇ, ಹೆತ್ತವರನ್ನು ಬೈಯುವುದೂ ಒಂದೇ. ಶಿಲುಬೆ ಇಲ್ಲ, ಹೆಸರಿಲ್ಲ, ಮೈತುಂಬಾ ಅರಿಶಿನ ಕುಂಕುಮ. ಇದು ಯಾವ ಸಮಾಧಿ ಎಂದು ಕೇಳಿದೆ. ಮರದ ಶಿಲುಬೆಗಳನ್ನು ಗೆದ್ದಲು ತಿಂದಿತ್ತಂತೆ. ಹೆಸರು ಕಲ್ಲಿನ ಮೇಲೆ ಕೆತ್ತಿತ್ತು, ಈಗ ಅರಿಶಿನದ ಅಡಿಯಲ್ಲಿ ಹೂತು ಹೋಗಿದೆ ಎಂದರು.

ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಅವರ ಮಠದಲ್ಲಿ ತೀರಿಹೋದ ಪ್ರತಿ ಸಿಸ್ಟರಿಗೂ ಒಂದು ಪುಟ ಬರೆದಿಡುವ ಪದ್ಧತಿ ಇದೆ. ವರ್ಷಕ್ಕೊಮ್ಮೆ ಅವರು ತೀರಿದ ದಿನ, ಊಟಕ್ಕೆ ಕೂತಾಗ ಆ ಪುಟವನ್ನು ಓದಿ, ಆಮೇಲೆ ತುತ್ತು ಎತ್ತುತ್ತಾರೆ. ಈ ನಾಲ್ವರ ಪುಟಗಳನ್ನು ಅವರು ಕೈಯಲ್ಲಿ ನಕಲು ಮಾಡಿ ತಂದಿದ್ದರು. ಸಿಸ್ಟರ್ ಅಗಾತಾ, ಕ್ಲಾರಾ, ಬೆನೆದಿಕ್ತಾ, ಮೂವರದೂ ಪುಟ ತುಂಬಿತ್ತು. ಸಿಸ್ಟರ್ ಲೂಸಿಯದು ಎರಡೇ ಸಾಲು. ಊರಿಗೆ ಬಂದಳು; ಮೂರು ತಿಂಗಳಿಗೆ ವಿಷಮಶೀತ ಜ್ವರ ಬಂದು ಪ್ರಭುವಿನ ಪಾದ ಸೇರಿದಳು. ವಯಸ್ಸು ಇಪ್ಪತ್ತನಾಲ್ಕು.

"ಲೂಸಿ, ನಾನು ಒಂದೇ ದಿನ ಮಠಕ್ಕೆ ಸೇರಿದವರು. ಈ ಊರಿಗೆ ಮೊದಲು ಹಾಕಿದ್ದು ನನ್ನನ್ನ. ತವರು ಹತ್ತಿರ ಆಗುತ್ತೆ, ಮನಸ್ಸು ನಿಲ್ಲಲ್ಲ ಅಂತ ನಮ್ಮ ದೊಡ್ಡ ಮದರ್ ಬದಲಾಯಿಸಿ ಅವಳನ್ನ ಕಳಿಸಿದರು" ಎಂದು ಅವರು ನೋಟ್‌ಬುಕ್ ಮುಚ್ಚಿದರು. "ಐವತ್ತು ವರ್ಷ ಆಯ್ತು. ನನ್ನ ಜಾಗದಲ್ಲಿ ಮಲಗಿದ್ದಾಳೆ. ರಸ್ತೆ ನಿಲ್ಲಿಸಿ ಅಂತ ನಾನು ಯಾವ ಬಾಯಲ್ಲಿ ಕೇಳಲಿ? ಎತ್ತೋ ಮುಂಚೆ ನಾಲ್ಕರಲ್ಲಿ ಅವಳು ಯಾವುದು ಅಂತ ಗೊತ್ತಾದರೆ ಸಾಕು ಸಾರ್."

ಅವರು ಹೋದ ಮೇಲೆ ಆ ಹಳೆಯ ದಿನವನ್ನು ನೆನಪು ಮಾಡಿಕೊಂಡೆ. ಮಧ್ಯಾಹ್ನ ಎರಡು ದಾಟಿತ್ತು. ಪಟೇಲರ ಮನೆಯಲ್ಲಿ ಮುದ್ದೆ, ಬಸ್ಸಾರು ಕಾಯುತ್ತಿತ್ತು. ಅರಿಶಿನ ಕುಂಕುಮ ಕಂಡೆ, ಮಾರಮ್ಮ ಎಂದು ಬರೆದೆ, ಎದ್ದೆ. ಒಬ್ಬರನ್ನೂ ಕೇಳಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಅಳತೆಯ ದಿನ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಸೇರಿದೆವು. ಎಂಜಿನಿಯರಿಗೆ ವಿಷಯ ಹೇಳಿದೆ. ಒಳ್ಳೆಯ ಹುಡುಗ; ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋದ.

"ನಿಮ್ಮ ಸ್ಕೆಚ್ಚನ್ನ ನೀವೇ ತಪ್ಪು ಅಂತ ಬರ್ಕೊಟ್ರೆ ಇಲಾಖಾ ವಿಚಾರಣೆ ಆಗುತ್ತೆ ಸಾರ್. ರಿಟೈರ್ಡ್ ಆಗೋ ಟೈಮು. ಯೋಚ್ನೆ ಮಾಡಿ" ಎಂದ.

ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲು ಹೆಸರು ಸಿಗಲಿ, ಆಮೇಲೆ ನೋಡೋಣ ಎಂದುಕೊಂಡು, ಅರಿಶಿನ ಕೆರೆಯಲು ಉಳಿ ತರುವಂತೆ ಚೈನು ಹಿಡಿಯುವವನಿಗೆ ಹೇಳಿದೆ. ಸುತ್ತ ಹೆಂಗಸರು ನೆರೆದಿದ್ದರು. ಅವರೊಳಗಿಂದ ನಿಂಗಮ್ಮ ಎನ್ನುವ ಮುದುಕಿ ಕೋಲೂರಿಕೊಂಡು ಮುಂದೆ ಬಂದಳು.

"ಏನ್ಲಾ, ನಿಮ್ಮವ್ವನ ಮುಖಾನೂವೆ ಉಳೀಲಿ ಕೆರೀತಿದ್ಯೇನ್ಲಾ?"

ಉಳಿ ಅಲ್ಲೇ ನಿಂತಿತು. ಇಪ್ಪತ್ತೆರಡು ವರ್ಷದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ. "ಅವ್ವ, ಇದು ಯಾವ ದೇವರ ಕಲ್ಲು?"

"ದ್ಯಾವ್ರೂ ಇಲ್ಲ, ದಿಂಡ್ರೂ ಇಲ್ಲ. ಸಿಸ್ಟ್ರಮ್ಮೋರು ಕಣಪ್ಪ. ಯಾರು ಕೇಳುದ್ರೂ ಏಳ್ತಿದ್ದೊ, ಯಾರು ಕೇಳವ್ರೆ?"

ಬಾಣಂತಿಯಾದವಳು ಮೊದಲ ಸಲ ಹೊರಗೆ ಬಂದಾಗ ಬಾವಿಗೆ ಗಂಗೆಪೂಜೆ ಮಾಡುವುದು ನಮ್ಮ ಕಡೆ ಎಲ್ಲ ಊರಲ್ಲೂ ಇದೆ. ಈ ಊರಲ್ಲಿ ಪೂಜೆ ಮುಗಿದ ಮೇಲೆ ಉಳಿದ ಅರಿಶಿನ ಕುಂಕುಮವನ್ನು ಈ ಕಲ್ಲುಗಳಿಗೆ ಹಚ್ಚಿ, ಮಗುವನ್ನು ಒಂದು ಗಳಿಗೆ ಮುಂದೆ ಮಲಗಿಸಿ ಎತ್ತಿಕೊಳ್ಳುತ್ತಾರಂತೆ. ಊರಿನಲ್ಲಿ ಹುಟ್ಟಿದ ಒಂದೊಂದು ಮಗುವಿಗೂ ಒಂದೊಂದು ಪದರ.

ನಿಂಗಮ್ಮ ಕೋಲಿನಿಂದ ಪೂರ್ವದ ತುದಿಯ ಕಲ್ಲನ್ನು ತೋರಿಸಿದಳು. "ಎರಿಗೆ ಕಷ್ಟ ಆದ್ರೆ ಇವ್ರಿಗೆ ಕೈ ಮುಗೀತೀವಿ. ಒಳೆ ತುಂಬಿದ್ರೂ ಅರಿಗೋಲು ಅತ್ಕಂಡು ಬರೋರು." ಎರಡನೆಯದು, ಬಾಣಂತಿಗೆ ಹಾಲು ಬಾರದಿದ್ದರೆ. "ಎಮ್ಮೆ ಕಟ್ಟಿದ್ರು ಕಣಪ್ಪ. ತಾಯಿಲ್ದ ಕೂಸ್ಗೊಳ್ಗೆಲ್ಲ ಇವ್ರ ಆಲೇ." ಮೂರನೆಯದು ಹೆಣ್ಣುಮಕ್ಕಳು ಪರೀಕ್ಷೆಗೆ ಹೋಗುವಾಗ. "ನಮ್ ಎಣ್ಮಕ್ಳ ಕೈಗೆ ಬಳಪ ಕೊಟ್ಟೋರು ಇವ್ರು."

ಸಿಸ್ಟರ್ ಫಿಲೋಮಿನಾ ನೋಟ್‌ಬುಕ್ ತೆರೆದು ನಿಂತಿದ್ದರು. ಬೆರಳು ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ಅಗಾತಾ, ಸೂಲಗಿತ್ತಿ. ಕ್ಲಾರಾ, ಅನಾಥ ಶಿಶುಗಳ ಪಾಲನೆ. ಬೆನೆದಿಕ್ತಾ, ಶಿಕ್ಷಕಿ. ಎಲ್ಲವೂ ಹೊಂದುತ್ತಿತ್ತು. ಆ ಹೆಂಗಸರು ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ ಯಾವ ಕಾಗದವೂ ಇಲ್ಲದೆ ಮೂರು ಜನ್ಮಗಳ ದುಡಿಮೆಯನ್ನು ದಾಟಿಸಿದ್ದರು. ಸರ್ಕಾರದ ದಾಖಲೆ ಹಿಡಿದು ನಿಂತಿದ್ದ ನನ್ನ ಕೈಯಲ್ಲಿ ಇದ್ದದ್ದು ಸುಳ್ಳು.

"ಮತ್ತೆ ನಾಲ್ಕನೇದು?" ಎಂದು ಸಿಸ್ಟರ್ ಕೇಳಿದರು.

"ಆ ಮಗೀನ ಏನೂ ಕೇಳಕಿಲ್ಲ ಕಣವ್ವ. ಬಂದು ಮೂರೇ ತಿಂಗ್ಳು, ಒಂಟೋಯ್ತು." ನಿಂಗಮ್ಮ ಕೋಲನ್ನು ಕಲ್ಲಿಗೆ ಒರಗಿಸಿ ಕೂತಳು. "ನನ್ ಓರಿಗೇನೇ. ಬಾವೀಲಿ ನನ್ ಬಿಂದ್ಗೆ ಎತ್ಕೊಡೋಳು. ಒಂದಿನ ನನ್ ಜಡೇಲಿದ್ದ ಮಲ್ಲಿಗೆ ಕೊಡು ಅಂತ ಈಸ್ಕಂಡು, ಕಣ್ ಮುಚ್ಕಂಡು ಮೂಸಿ, ವಾಪಸ್ ಕೊಟ್ಬುಟ್ಳು. ಇಟ್ಕಳವ್ವ ಅಂದೆ. ನಾವು ಮುಡಿಯಂಗಿಲ್ಲ ಅಂತ ನಕ್ಕುಬುಟ್ಳು. ಸತ್ಮೇಲೆ ಯಾರು ಬ್ಯಾಡ ಅಂದಾರು? ನಾನೇ ತಂದು ಮಡಗ್ದೆ. ಈಗ ನನ್ ಸೊಸೆದೀರು, ಮೊಮ್ಮಕ್ಳು ಎಲ್ಲಾವ ಮಡುಗ್ತವೆ. ಅವಳ್ಗೆ ಊವ ಅಷ್ಟೇಯ. ಕೇಳೋದೇನೂ ಇಲ್ಲ."

ಆಗ ನೋಡಿದೆ. ಪಶ್ಚಿಮದ ತುದಿಯ ಆ ಕಲ್ಲಿನ ಬುಡದಲ್ಲಿ ಬಾಡಿದ ಮಲ್ಲಿಗೆಯ ದಂಡೆ ಇತ್ತು. ಇಪ್ಪತ್ತೆರಡು ವರ್ಷದ ಹಿಂದೆಯೂ ಇದ್ದಿರಬೇಕು.

ಸಿಸ್ಟರ್ ಫಿಲೋಮಿನಾ ಅಲ್ಲೇ ಕುಸಿದು ಕೂತು, ನಿಂಗಮ್ಮನ ಎರಡೂ ಕೈ ಹಿಡಿದುಕೊಂಡು ಅತ್ತರು. ಏನೂ ಮಾಡದೆ ಹೋದಳು, ನನ್ನ ದೆಸೆಯಿಂದ ಹೋದಳು ಎಂದು ಐವತ್ತು ವರ್ಷ ಕೊರಗಿದ್ದೆ ಎಂದರು.

"ಏನೂ ಮಾಡ್ನಿಲ್ಲ ಅಂತ ಯಾರಂದೋರು? ನನ್ ಬಿಂದ್ಗೆ ಎತ್ಕೊಟ್ಳಲ್ಲವ್ವ" ಎಂದಳು ನಿಂಗಮ್ಮ.

ಉಳಿ ಬೇಡ ಎಂದವರೇ ದಾರಿ ತೋರಿಸಿದರು. ಮನೆಗಳ ಹಂಡೆಯಿಂದ ಬಿಸಿನೀರು ಬಂತು, ಸೀಗೆಪುಡಿ ಬಂತು. ಬಾಣಂತಿಗೆ ನೀರು ಎರೆಯುವಂತೆಯೇ ನಾಲ್ಕು ಕಲ್ಲಿಗೂ ಎರೆದು, ತಿಕ್ಕಿ, ಸೆರಗಿನಲ್ಲಿ ಒರೆಸಿದರು. ಒಂದು ಗಂಟೆಯ ಹೊತ್ತಿಗೆ ಹಳದಿ ನೀರೆಲ್ಲ ರಸ್ತೆಗೆ ಹರಿದು, ಕಲ್ಲಿನ ಮೇಲೆ ಸಣ್ಣ ಶಿಲುಬೆ, ಅದರ ಕೆಳಗೆ ಹೆಸರು ಮೂಡಿತು. ನಿಂಗಮ್ಮ ಹೇಳಿದ ಸಾಲಿನಲ್ಲೇ ಇದ್ದವು. ನಾಲ್ಕನೆಯದರಲ್ಲಿ ಲೂಸಿ ಎಂದಿತ್ತು.

ಮಹಜರು ಎಂದರೆ ಸ್ಥಳದಲ್ಲಿ ಕಂಡದ್ದನ್ನು ಸಾಕ್ಷಿಗಳ ಎದುರು ಬರೆಯುವ ಪತ್ರ. ಅದನ್ನು ನಾನೇ ಬರೆದೆ. 'ಹಿಂದಿನ ಸ್ಕೆಚ್ಚಿನಲ್ಲಿ ನಾನು ವಿಚಾರಿಸದೆ ತಪ್ಪಾಗಿ ನಮೂದಿಸಿರುತ್ತೇನೆ. ಇವು ನಾಲ್ಕು ಸಮಾಧಿಗಳು.' ಹೆಸರುಗಳನ್ನೂ ಬರೆದು ಸಹಿ ಹಾಕಿದೆ. ಸಾಕ್ಷಿಯ ಜಾಗದಲ್ಲಿ ನಿಂಗಮ್ಮನ ಹೆಬ್ಬೆಟ್ಟು. ಎಂಜಿನಿಯರ್ ಟೇಪು ಎಳೆದು, ಎದುರುಗಡೆಯ ಸರ್ಕಾರಿ ಖರಾಬಿನ, ಅಂದರೆ ಸಾಗುವಳಿಗೆ ಬಾರದ ಪಾಳು ಜಾಗದ, ಕಡೆಗೆ ರಸ್ತೆಯನ್ನು ಎರಡೂವರೆ ಮೀಟರ್ ಸರಿಸಿಕೊಂಡ. ಇವತ್ತಿಗೂ ರಸ್ತೆ ಅಲ್ಲಿ ಸ್ವಲ್ಪ ಸೊಂಟ ತಿರುಗಿಸಿಕೊಂಡು ಹೋಗುತ್ತದೆ.

ನನಗೆ ನೋಟಿಸು ಬಂತು, ವಿಚಾರಣೆಯೂ ಆಯಿತು. ಕೊನೆಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಮಾಡಿದ್ದುಣ್ಣೋ ಮಹರಾಯ, ನನಗೆ ಬೇಸರವಾಗಲಿಲ್ಲ.

ಆ ದಿನ ಹೊರಡುವಾಗ ಒಬ್ಬ ಸೊಸೆ ಅಳುಕುತ್ತಾ ಬಂದು, ಇನ್ನು ಮೇಲೆ ಅರಿಶಿನ ಹಚ್ಚಬಾರದೇ ಎಂದು ಸಿಸ್ಟರನ್ನು ಕೇಳಿದಳು. ಅವರು ಅವಳ ಜಡೆಯನ್ನೇ ನೋಡಿ, "ಸ್ವಲ್ಪ ಕೊಡ್ತೀಯಾ ಮಗಳೇ?" ಎಂದರು. ಅವಳು ಬಿಡಿಸಿ ಕೊಟ್ಟ ಮಲ್ಲಿಗೆಯನ್ನು ಕಣ್ಣು ಮುಚ್ಚಿ ಮೂಸಿದರು. ಆಮೇಲೆ ಬಗ್ಗಿ ಲೂಸಿಯ ಕಲ್ಲಿನ ಮೇಲಿಟ್ಟರು.

ಈಗಲೂ ಹೊಸ ಸರ್ವೆಯರುಗಳು ಅನುಮಾನ ಕೇಳಲು ನಮ್ಮ ಮನೆಗೆ ಬರುವುದುಂಟು. ಅವರಿಗೆಲ್ಲ ಹೇಳುವುದು ಒಂದೇ. ಕಲ್ಲನ್ನು ಅಳೆಯುವುದು ಸುಲಭ, ಯಾರಾದರೂ ಅಳೆಯುತ್ತಾರೆ. ಆದರೆ ಅದರ ಹೆಸರು ಬರೆಯುವ ಮುಂಚೆ, ಹೊಟ್ಟೆ ಎಷ್ಟೇ ಹಸಿದಿರಲಿ, ಅದಕ್ಕೆ ಹೂವು ಇಡುವ ಹೆಣ್ಣುಮಗಳನ್ನು ಹುಡುಕಿ ಒಂದು ಮಾತು ಕೇಳಿ.